ಕಳೆ ಕಿತ್ತರೆ ಗಾಜಿನಲ್ಲಿ ಅಕ್ಷರ

ಬೈಕಿನ ನಂಬರ್ ಪ್ಲೇಟಿಗೆ ಅಕ್ಷರ ಅಂಟಿಸಬೇಕೆಂದರೆ ಮತ್ತಿಕೆರೆಯಲ್ಲಾಗಲಿ ಯಶವಂತಪುರದಲ್ಲಾಗಲಿ ಜನ ಹುಡುಕುವುದು ‘ರೇಡಿಯಂ ಕಟಿಂಗ್’ ಅಂಗಡಿಯನ್ನು. 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ರೇಡಿಯಂ ಧಾತುವಿಗೂ ಈ ಅಂಗಡಿಗೂ ಯಾವ ನಂಟೂ ಇಲ್ಲ. ಹೊಳೆಯುವ ಹಾಳೆಗೆ ಬಿದ್ದ ಹೆಸರು ಎಲ್ಲ ವಿನೈಲ್ ಸ್ಟಿಕ್ಕರಿಗೂ ಅಂಟಿಕೊಂಡಿದೆ, ಅಷ್ಟೆ. ಅದೇ ಹಾಳೆ, ಅದೇ ಯಂತ್ರ ಮನೆಯ ಕಿಟಕಿಗಾಜಿನ ಮೇಲೆ ಎಂದೂ ಅಳಿಯದ ಹೆಸರು ಮೂಡಿಸಲೂ ಬಳಕೆಯಾಗುತ್ತವೆ.

ಇದರ ಗುಟ್ಟು ಸರಳ. ಗಾಜನ್ನು ತಿನ್ನುವ ರಾಸಾಯನಿಕ ತಗಲಿದ ಕಡೆ ಗಾಜು ಮಂಜು ಕವಿದಂತಾಗುತ್ತದೆ. ಮುಚ್ಚಿದ ಕಡೆ ತಿಳಿಯಾಗಿಯೇ ಉಳಿಯುತ್ತದೆ. ಹೀಗಾಗಿ ಕೆಲಸದ ಅಂದವೆಲ್ಲ ಮುಚ್ಚಳದಲ್ಲಿ, ಅಂದರೆ ಸ್ಟೆನ್ಸಿಲ್ಲಿನಲ್ಲಿ ಇದೆ.

ಪೆನ್ನಿನ ಜಾಗದಲ್ಲಿ ಅಲಗು

ವಿನೈಲ್ ಕಟರ್ ಎಂದರೆ ನಕ್ಷೆ ಬರೆಯುವ ಪ್ಲಾಟರಿನ ತಮ್ಮ. ಪೆನ್ನಿನ ಬದಲು ಅದರ ಕೈಯಲ್ಲಿ ಪುಟ್ಟ ಅಲಗು. 1980ರ ದಶಕದಲ್ಲಿ ಅಮೆರಿಕದ ಗರ್ಬರ್ ಸಂಸ್ಥೆ ಫಲಕ ಮಾಡುವವರಿಗೆಂದೇ ಇಂಥ ಯಂತ್ರ ಹೊರತಂದಿತು. ಅಲಗಿನ ತುದಿ ನಡುವಿನಿಂದ ತುಸು ಪಕ್ಕಕ್ಕಿರುವುದರಿಂದ, ತಳ್ಳುಗಾಡಿಯ ಮುಂದಿನ ಚಕ್ರದಂತೆ ಎಳೆದತ್ತ ತಾನೇ ತಿರುಗುತ್ತದೆ. ಕೂದಲೆಳೆ ದಪ್ಪದ ವಿನೈಲ್ ಮಾತ್ರ ಕೊಯ್ಯಬೇಕು, ಕೆಳಗಿನ ಕಾಗದ ಉಳಿಯಬೇಕು. ಅದಕ್ಕೇ ಮೊದಲು ಮೂಲೆಯಲ್ಲೊಂದು ಪುಟ್ಟ ಚೌಕ ಕೊಯ್ದು ನೋಡುವುದು ವಾಡಿಕೆ.

ಬೇಡದ ತುಂಡುಗಳನ್ನು ಚಿಮುಟದಿಂದ ಎತ್ತುವುದಕ್ಕೆ ಇಂಗ್ಲಿಷರೂ ‘ಕಳೆ ಕೀಳುವುದು’ ಎಂದೇ ಹೆಸರಿಟ್ಟಿದ್ದಾರೆ. ಆದರೆ ಸ್ಟಿಕ್ಕರಿನಲ್ಲಿ ಅಕ್ಷರ ಪೈರು, ಸುತ್ತಲಿನದು ಕಳೆ. ಸ್ಟೆನ್ಸಿಲ್ಲಿನಲ್ಲಿ ಅಕ್ಷರವೇ ಕಳೆ!

‘ರೆ’ಯ ಹೊಟ್ಟೆ

ಕನ್ನಡದ ಕಷ್ಟ ಇರುವುದು ಇಲ್ಲೇ. ‘ಮತ್ತಿಕೆರೆ’ ಎಂಬ ನಾಲ್ಕಕ್ಷರವನ್ನೇ ನೋಡಿ. ‘ರೆ’ಯ ಹೊಟ್ಟೆಯೊಳಗಿನ ಬಿಲ್ಲೆ, ‘ತ್ತಿ’ಯ ಗುಡಿಸಿನ ಕಣ್ಣು ಸುತ್ತ ಆಸರೆಯಿಲ್ಲದ ನಡುಗಡ್ಡೆಗಳು. ರಟ್ಟಿನ ಸ್ಟೆನ್ಸಿಲ್ಲಿನಲ್ಲಿ ಅವು ಉದುರದಂತೆ ಸೇತುವೆ ಬಿಡಬೇಕಿತ್ತು. ಅಕ್ಷರ ತುಂಡುತುಂಡಾಗಿ ಕಾಣುತ್ತಿತ್ತು. ವಿನೈಲಿನಲ್ಲಿ ಆ ತೊಂದರೆಯಿಲ್ಲ. ಮೇಲೆ ಅಂಟುಟೇಪು ಒತ್ತಿ, ನಡುಗಡ್ಡೆಗಳ ಸಮೇತ ಎತ್ತಿ ಗಾಜಿಗೆ ಇಳಿಸಬಹುದು.

ಒತ್ತಕ್ಷರದಲ್ಲಿ ಇನ್ನೊಂದು ಎಚ್ಚರ ಬೇಕು. ಕಂಪ್ಯೂಟರಿನಲ್ಲಿ ಒತ್ತು, ಕೊಂಬುಗಳ ಗೆರೆ ಮೂಲಾಕ್ಷರದ ಮೇಲೆ ಹಾದಿದ್ದರೆ ಅವನ್ನು ‘ವೆಲ್ಡ್’ ಮಾಡಿ ಒಂದಾಗಿಸಬೇಕು. ಮರೆತರೆ ಅಲಗು ಅಕ್ಷರದ ನಡುವೆಯೇ ಗೀರುತ್ತದೆ. ಗಾಜಿನ ಒಳಮುಖದಲ್ಲಿ ಕೊರೆಯುವುದಾದರೆ ಬರಹವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೂ ಇಡಬೇಕು. ಅಂಗಡಿ ಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಜಾಗವನ್ನು ಕಾನೂನು ಕೊಡಿಸಬಹುದು. ‘ರೆ’ಯ ಹೊಟ್ಟೆ ಕಾಯುವವನು ಕೆಲಸಗಾರನೇ.

ತಡವಾಗಿ ಬರುವ ನೋವು

ಅವನು ಕಾಯಬೇಕಾದ್ದು ಇನ್ನೂ ಒಂದಿದೆ: ತನ್ನ ಕೈ. ಗಾಜು ತಿನ್ನುವ ಹೈಡ್ರೋಫ್ಲೋರಿಕ್ ಆಮ್ಲವನ್ನು 1771ರಲ್ಲಿ ಸ್ವೀಡನ್ನಿನ ಷೀಲೆ ಪರೀಕ್ಷಿಸುತ್ತಿದ್ದಾಗ ಅವನ ಗಾಜಿನ ಪಾತ್ರೆಯೇ ಸವೆದಿತ್ತು. ತೆಳು ಆಮ್ಲ ಚರ್ಮಕ್ಕೆ ತಗಲಿದ ಕೂಡಲೇ ಉರಿಯದೆ ಇರಬಹುದು. ಗಂಟೆಗಳ ನಂತರ ನೋವು ಏಳುತ್ತದೆ. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಹೀರಿರುತ್ತದೆ. ಹೆಚ್ಚಾದರೆ ಹೃದಯದ ಬಡಿತವೇ ತಪ್ಪೀತು. ಮಾರುಕಟ್ಟೆಯ ಎಚಿಂಗ್ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವ ಅಮೋನಿಯಂ ಬೈಫ್ಲೋರೈಡ್ ಕೂಡ ಅದೇ ಕುಲದ್ದು. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಬಾರದು. ಮೈಗೆ ತಗಲಿದರೆ ಧಾರಾಳ ನೀರಿನಲ್ಲಿ ತೊಳೆದು, ನೋವಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಹಚ್ಚುವುದು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್.

ಆಮ್ಲ ಬಿಟ್ಟು ಮರಳು ಸಿಡಿಸಿ ಕೊರೆಯುವ ದಾರಿಯೂ ಇದೆ. ಆದರೆ ಮರಳಿನ ದೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ತರುತ್ತದೆ. ಅಲ್ಲಿಯೂ ಮುಚ್ಚಿದ ಪೆಟ್ಟಿಗೆ, ಸರಿಯಾದ ಮುಖವಾಡ ಬೇಕೇ ಬೇಕು.

ಮನೆಗೆ ಹೆಸರು ಕೊರೆಸುವವರು ದರ ಕೇಳುವುದು ಸಹಜ. ಜೊತೆಗೆ ಕೊರೆಯುವವನ ಕೈಯಲ್ಲಿ ಗವಸು ಇದೆಯೇ ಎಂದೂ ಒಮ್ಮೆ ನೋಡಿದರೆ ಒಳ್ಳೆಯದು.