ಎಕೋ ವರದಿಯ ಕುರುಹೂ ರೋಗದ ಹೆಸರೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸದ್ಭಕ್ತರು ಹೃದಯದ ಎಕೋ ಪರೀಕ್ಷೆಗೆಂದು ಹೊಸಪೇಟೆ, ಬಳ್ಳಾರಿ, ದಾವಣಗೆರೆಗಳಿಗೆ ಹೋಗಿಬರುವುದುಂಟು. ವರದಿಯಲ್ಲಿ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂಬ ಸಾಲನ್ನು ಕಂಡು ಹೃದಯವೇ ಸೋತಿತೆಂದು ಕಂಗೆಡುವವರುಂಟು; ಏನೂ ಅಲ್ಲವೆಂದು ಕಾಗದವನ್ನು ಮಡಿಚಿಡುವವರೂ ಉಂಟು. ಎರಡೂ ಸರಿಯಲ್ಲ.

ಹೃದಯದ ಕಾರ್ಯ ಎರಡು ಬಗೆಯದು: ಕುಗ್ಗಿ ರಕ್ತವನ್ನು ಹೊರದೂಡುವುದು, ಹಿಗ್ಗಿ ರಕ್ತವನ್ನು ತುಂಬಿಕೊಳ್ಳುವುದು. ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಬೀಳುತ್ತದೆ ಎಂಬುದೇ ವರದಿಯ ‘ಇ.ಎಫ್.’. ಇದು ಸಾಮಾನ್ಯವಾಗಿ 50ರಿಂದ 70ರವರೆಗೆ ಇರುತ್ತದೆ. 40 ಅಥವಾ ಅದಕ್ಕಿಂತ ಕಡಿಮೆಯಾದರೆ ದೂಡುವ ಶಕ್ತಿ ಕುಂದಿದೆ ಎಂದರ್ಥ. ಡಯಾಸ್ಟಾಲಿಕ್ ದೋಷವೆಂದರೆ ಹಿಗ್ಗುವಿಕೆಯಲ್ಲಿನ ಬಿಗುವು. ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಇದಕ್ಕೆ ಕಾರಣಗಳು. ಇ.ಎಫ್. 60 ಇದ್ದವರಲ್ಲಿಯೂ ಈ ಬಿಗುವು ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳಿಗೆ ಅಕ್ಷರ ಮತ್ತು ಅಂಕಿಗಳ ಸಂಕೇತಗಳನ್ನು ಗೊತ್ತುಮಾಡಿದೆ, ಇದನ್ನು ಐ.ಸಿ.ಡಿ. ಎನ್ನುವರು. ಅದರ ಹತ್ತನೆಯ ಪರಿಷ್ಕರಣೆಯಲ್ಲಿ ಹೃದಯ ವೈಫಲ್ಯಕ್ಕೆ ‘ಐ 50’ ಎಂಬ ಸಂಕೇತವಿದೆ. ರೋಗ ಇನ್ನೂ ನಿರ್ಣಯವಾಗದೆ, ಚಿತ್ರಪರೀಕ್ಷೆಯಲ್ಲಿ ಮಾತ್ರ ಕಂಡ ಹೃದಯದ ವ್ಯತ್ಯಾಸಕ್ಕೆ ‘ಆರ್ 93.1’ ಎಂಬುದಿದೆ. ಮೊದಲನೆಯದು ರೋಗ, ಎರಡನೆಯದು ಕುರುಹು.

ಕುರುಹನ್ನು ರೋಗವೆಂದು ನಿರ್ಣಯಿಸುವ ಅಧಿಕಾರ ವೈದ್ಯರದು. ಉಬ್ಬಸ, ಕಾಲುಬಾವು, ಆಯಾಸಗಳನ್ನು ವಿಚಾರಿಸಿ, ದೇಹವನ್ನು ಪರೀಕ್ಷಿಸಿ ಅವರು ರೋಗದ ಹೆಸರನ್ನು ಬರೆದ ಮೇಲೆಯೇ ದಾಖಲೆ ವಿಭಾಗದವರು ಸಂಕೇತ ಹಾಕಬೇಕು. ಇ.ಎಫ್. 35 ಎಂಬ ಅಂಕಿಯೊಂದನ್ನೇ ನೋಡಿ ಅವರು ‘ಐ 50’ ಎಂದು ಬರೆಯುವಂತಿಲ್ಲ.

ಇದು ಬರಿಯ ಕಚೇರಿಯ ಕೆಲಸವೆಂದು ನಾವು ಭಾವಿಸಬಾರದು. ವಿಮೆಯವರು ನೋಡುವುದು, ಮುಂದಿನ ವೈದ್ಯರು ನಂಬುವುದು ಈ ದಾಖಲೆಯನ್ನೇ. ಇಲ್ಲದ ರೋಗ ಬರೆಯಲ್ಪಟ್ಟರೆ ಅದು ವರ್ಷಗಟ್ಟಲೆ ಬೆನ್ನು ಬಿಡದು. ಇರುವ ರೋಗ ಬರೆಯದೆ ಹೋದರೆ ನ್ಯಾಯವಾಗಿ ಸಲ್ಲಬೇಕಾದ ನೆರವು ತಪ್ಪೀತು. ಆದಕಾರಣ ಆಸ್ಪತ್ರೆಯಿಂದ ಹೊರಡುವಾಗ, “ನನಗಿರುವುದು ರೋಗವೋ, ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸವೋ? ಬಿಡುಗಡೆ ಪತ್ರದಲ್ಲಿ ಏನೆಂದು ಬರೆದಿದ್ದೀರಿ?” ಎಂದು ವಿನಯದಿಂದ ಕೇಳೋಣ. ಹಣ ದೊರೆಯಲೆಂದು ರೋಗವನ್ನು ಹಿರಿದಾಗಿ ಬರೆಸುವುದು ಬೇಡ.

ಕುರುಹು ಕಂಡವರು ರಕ್ತದೊತ್ತಡ, ಸಕ್ಕರೆಗಳನ್ನು ಹತೋಟಿಯಲ್ಲಿಡಬೇಕು. ಉಪ್ಪನ್ನು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಮಾಡಬೇಕು. ಹಳೆಯ ವರದಿಗಳನ್ನು ಜೋಪಾನವಾಗಿಡಬೇಕು. ಮಲಗಿದರೆ ಉಸಿರು ಕಟ್ಟುವುದು, ಪಾದ ಊದುವುದು, ಕೆಲವೇ ದಿನಗಳಲ್ಲಿ ತೂಕ ಏರುವುದು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.