ಬಾಗಿಲು ತೆರೆದಾಗ ಹಾಗೆಯೇ ಇರುವ ಎಡೆ

ಭಾದ್ರಪದ ಮಾಸದ ಕೃಷ್ಣಪಕ್ಷವನ್ನು ಪಿತೃಪಕ್ಷವೆಂದೂ ಅದರ ಕೊನೆಯ ದಿನವನ್ನು ಮಹಾಲಯ ಅಮಾವಾಸ್ಯೆಯೆಂದೂ ಕರೆಯುವ ರೂಢಿ ನಾಡಿನುದ್ದಕ್ಕೂ ಇದ್ದರೂ, ಹಳೇ ಮೈಸೂರು ಸೀಮೆಯ ಹಲವು ಮನೆಗಳಲ್ಲಿ ಅದು ಮಂತ್ರ, ಪಿಂಡಗಳ ಶ್ರಾದ್ಧಕ್ಕಿಂತ ಹೆಚ್ಚಾಗಿ ತೀರಿಕೊಂಡವರನ್ನು ಊಟಕ್ಕೆ ಕರೆಯುವ ಹಿರಿಯರ ಹಬ್ಬವಾಗಿದೆ. ಅವರ ಹೆಸರಿನಲ್ಲಿ ಬಾಳೆ ಎಲೆ ಹಾಸಿ ಬಡಿಸಿಡುವ ಊಟವೇ ಎಡೆ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿಗೆ ಈ ಎಡೆಯಿಂದ ಸಿಗುವ ಆಸರೆ ದೊಡ್ಡದು.

ಸತ್ತವರು ಮರಳುವುದಿಲ್ಲ, ಅವರ ದೇಹಕ್ಕೆ ಹಸಿವು ನೋವುಗಳಿಲ್ಲ, ಸಾವು ಎಲ್ಲರಿಗೂ ಬರುತ್ತದೆ ಎಂಬ ಮೂರು ಸಂಗತಿಗಳು ತೀರ ಎಳೆಯ ಮಕ್ಕಳಿಗೆ ಪೂರ್ತಿ ತಿಳಿಯುವುದಿಲ್ಲ. ದುಃಖದ ಮನೆಯಲ್ಲಿ ದೊಡ್ಡವರು ಮಗುವನ್ನು ಪಕ್ಕದ ಮನೆಗೆ ಕಳಿಸಿ, ‘ಅಪ್ಪ ಊರಿಗೆ ಹೋಗಿದ್ದಾರೆ’, ‘ಅಜ್ಜಿ ಮಲಗಿದ್ದಾರೆ’ ಎಂದು ಸಮಾಧಾನ ಹೇಳುವುದು ಅಕ್ಕರೆಯಿಂದಲೇ ಆದರೂ, ಆ ಮಾತನ್ನು ಇದ್ದದ್ದು ಇದ್ದಂತೆ ನಂಬುವ ಮಗು ಅಪ್ಪನ ದಾರಿ ಕಾಯುತ್ತದೆ, ಇಲ್ಲವೇ ತಾನು ಮಲಗಲು ಹೆದರುತ್ತದೆ.

ದುಃಖವೆಂದರೆ ಅಗಲಿದವರಿಂದ ಮನಸ್ಸನ್ನು ಮೆಲ್ಲನೆ ಬಿಡಿಸಿಕೊಳ್ಳುವ ಕೆಲಸವೆಂದು ಸಿಗ್ಮಂಡ್ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ವಿಚಾರ ಮನಶ್ಶಾಸ್ತ್ರದಲ್ಲಿ ಬಹುಕಾಲ ನಿಂತಿತು. ಆದರೆ ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡೆನ್ ಅಧ್ಯಯನ ಮಾಡಿದಾಗ, ಅವರಲ್ಲಿ ಬಹಳ ಮಂದಿ ಅಗಲಿದವರ ಯಾವುದೋ ಒಂದು ವಸ್ತುವನ್ನು ಜೋಪಾನವಾಗಿಟ್ಟುಕೊಂಡು, ಅವರೊಡನೆ ಮಾತಾಡುತ್ತ ನಂಟನ್ನು ಉಳಿಸಿಕೊಂಡಿದ್ದುದು ಕಂಡಿತು. 1996ರಲ್ಲಿ ಸಿಲ್ವರ್‌ಮನ್ ಇತರ ಇಬ್ಬರೊಡನೆ ಸಂಪಾದಿಸಿದ ಗ್ರಂಥ ಇದನ್ನು ‘ಮುಂದುವರಿಯುವ ನಂಟು’ ಎಂಬ ಪರಿಕಲ್ಪನೆಯಾಗಿ ಮಂಡಿಸಿತು.

ಎಡೆಯ ಮನೆಯಲ್ಲಿ ಈ ನಂಟಿಗೆ ಕೈಕೆಲಸವೂ ಇದೆ. ಪಟ ಒರೆಸಿ ಹೂ ಮುಡಿಸುವುದು, ಹೊಸ ಬಟ್ಟೆ ಮಡಚಿಡುವುದು, ಕೆಂಡಕ್ಕೆ ಧೂಪ ಹಾಕುವುದು ಇವೆಲ್ಲ ಮಕ್ಕಳ ಪಾಲಿಗೂ ಬರುತ್ತವೆ. ಅಪ್ಪನಿಗೆ ಕಜ್ಜಾಯ ಇಷ್ಟವಿತ್ತೋ ವಡೆಯೋ ಎಂಬ ಮಾತು ಎದ್ದಾಗ, ತಿಂಗಳುಗಟ್ಟಲೆ ಯಾರೂ ಎತ್ತದಿದ್ದ ಹೆಸರು ಅಡುಗೆಮನೆಯಲ್ಲಿ ಸಲೀಸಾಗಿ ಹೊರಬರುತ್ತದೆ, ಮಗುವೂ ತನಗೆ ನೆನಪಿದ್ದುದನ್ನು ಸೇರಿಸುತ್ತದೆ. ಬಡಿಸಿ ಮುಗಿದ ಮೇಲೆ ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಬಂದು ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕಾಯುವ ಪದ್ಧತಿ ಅನೇಕ ಮನೆಗಳಲ್ಲಿದೆ.

ಸತ್ತವರಿಗೆ ಹಸಿವಿಲ್ಲವೆಂದು ಕಲಿಯಬೇಕಾದ ಮಗುವಿಗೆ ಇದು ಗೊಂದಲ ತಾರದೇ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಆಚರಣೆ ಏನನ್ನೂ ಮರೆಮಾಚುವುದಿಲ್ಲ. ಬಾಗಿಲು ತೆರೆದಾಗ ಅನ್ನದ ಗುಡ್ಡೆ ಕುಸಿದಿರುವುದಿಲ್ಲ, ಲೋಟದ ನೀರು ಇಳಿದಿರುವುದಿಲ್ಲ, ವಡೆಗಳು ಎಣಿಸಿ ಇಟ್ಟಷ್ಟೇ ಇರುತ್ತವೆ. ಅಪ್ಪ ಯಾಕೆ ತಿನ್ನಲಿಲ್ಲ ಎಂದು ಮಗು ಕೇಳಿದರೆ, ಅವರಿನ್ನು ಬರಲಾರರು, ನಾವು ನೆನೆದು ಇಟ್ಟೆವು ಎಂದು ಹೇಳಲು ದೊಡ್ಡವರಿಗೆ ಅದಕ್ಕಿಂತ ತಕ್ಕ ಹೊತ್ತು ಸಿಗಲಾರದು. ಆಮೇಲೆ ಆ ಎಲೆಯ ಸುತ್ತಲೇ ಮನೆಯವರೆಲ್ಲ ಕೂರುತ್ತಾರೆ, ಎಡೆಯ ವಡೆಯನ್ನು ಮುರಿದು ಮೊದಲ ತುಂಡನ್ನು ಮಗುವಿನ ಕೈಗೆ ಕೊಡುತ್ತಾರೆ.