ಕೊನೆಯ ನುಡಿಯಲ್ಲಿ ಕವಿಯ ಗುರುತು

ದಾಸರ ಪದಗಳಿಗೆ ಶೀರ್ಷಿಕೆ ಇಡುವ ರೂಢಿ ಇರಲಿಲ್ಲ. ಪಲ್ಲವಿಯ ಮೊದಲ ಎರಡು ಮೂರು ಮಾತೇ ಹಾಡಿನ ಹೆಸರು. ಮುದ್ರಿತ ಸಂಪುಟಗಳ ಕೊನೆಯಲ್ಲಿ ಕೊಡುವ ಅಕಾರಾದಿ ಪಟ್ಟಿಯೂ ಆ ಮಾತುಗಳದ್ದೇ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂದೊಡನೆ ಪುರಂದರದಾಸರು ಎನ್ನುವವರು ಮನೆಮನೆಯಲ್ಲೂ ಇದ್ದಾರೆ. ‘ಬಾಗಿಲನು ತೆರೆದು’ ಎಂದರೆ ಕನಕದಾಸರು, ‘ಕೋಡಗನ ಕೋಳಿ ನುಂಗಿತ್ತ’ ಎಂದರೆ ಶಿಶುನಾಳ ಶರೀಫರು. ಅಷ್ಟಾಗಿ ಕೇಳಿ ಗೊತ್ತಿಲ್ಲದ ಪದ ಬಂದಾಗ ಮಾತ್ರ ಮೊದಲ ಸಾಲು ನೆರವಿಗೆ ಬರುವುದಿಲ್ಲ. ಆಗ ತಿಳಿದವರು ಊಹೆಗೆ ಕೈಹಾಕದೆ ಕೊನೆಯ ನುಡಿ ಬರುವವರೆಗೂ ಕಾಯುತ್ತಾರೆ. ಬರೆದವರು ಯಾರೆಂಬ ಸುಳಿವು ಅಲ್ಲಿದೆ. ಅದರ ಹೆಸರು ಅಂಕಿತ.

ಹಾಡು ಮುಗಿಯುವ ಹೊತ್ತಿಗೆ ಕವಿ ತನ್ನ ಆರಾಧ್ಯದೈವವನ್ನು ನೆನೆಯುತ್ತಾನೆ. ಆ ದೈವದ ಹೆಸರೇ ಅವನ ಗುರುತು. ಸಂಗೀತಗಾರರು ಇದನ್ನು ಮುದ್ರೆ ಎನ್ನುತ್ತಾರೆ. ಪುರಂದರವಿಠಲ, ಕಾಗಿನೆಲೆ ಆದಿಕೇಶವ, ಶಿಶುನಾಳಾಧೀಶ ಇವೆಲ್ಲ ಎಲ್ಲರಿಗೂ ಗೊತ್ತಿರುವ ಅಂಕಿತಗಳು. ಕನಕದಾಸರದು, ಶರೀಫರದು ಊರಿನ ಹೆಸರನ್ನೂ ಹೇಳಿಬಿಡುತ್ತವೆ. ತೊಡಕಿರುವುದು ವಿಠಲನಲ್ಲಿ. ‘ವಿಠಲ’ ಎಂದು ಕಿವಿಗೆ ಬಿದ್ದೊಡನೆ ಪುರಂದರದಾಸರೆಂದು ತೀರ್ಮಾನಿಸುವವರು ಬಹಳ. ನಿಜಕ್ಕೂ ಹಿಡಿಯಬೇಕಾದದ್ದು ವಿಠಲನ ಹಿಂದೆ ಬರುವ ಮಾತನ್ನು. ರಂಗವಿಠಲ ಬಂದರೆ ಅದು ಮುಳಬಾಗಿಲಿನ ಶ್ರೀಪಾದರಾಜರ ರಚನೆ. ವಿಜಯವಿಠಲ ಬಂದರೆ ವಿಜಯದಾಸರದು, ಗೋಪಾಲವಿಠಲ ಬಂದರೆ ಗೋಪಾಲದಾಸರದು, ಪ್ರಾಣೇಶವಿಠಲ ಬಂದರೆ ಲಿಂಗಸುಗೂರಿನ ಪ್ರಾಣೇಶದಾಸರದು, ಕಮಲೇಶವಿಠಲ ಬಂದರೆ ಸುರಪುರದ ಆನಂದದಾಸರದು. ಸೋದೆಯ ವಾದಿರಾಜರು ವಿಠಲನ ಗೊಡವೆಗೇ ಹೋಗದೆ ಹಯವದನನನ್ನು ಆರಿಸಿಕೊಂಡರು.

ವ್ಯಾಸರಾಯರದು ಇನ್ನೂ ಸೂಕ್ಷ್ಮ. ‘ಕೃಷ್ಣಾ ನೀ ಬೇಗನೆ ಬಾರೋ’ ಕನ್ನಡ ಬಾರದವರ ಬಾಯಲ್ಲೂ ನಲಿದಾಡುವ ಪದ. ಬಾಲಸರಸ್ವತಿಯವರ ಅಭಿನಯದಿಂದ ಅದು ಭರತನಾಟ್ಯದ ರಂಗದಲ್ಲಿ ಹೆಸರಾಯಿತು. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಜೋಡಿಯ ‘ಕಲೋನಿಯಲ್ ಕಸಿನ್ಸ್’ ಆಲ್ಬಮ್ ಅದನ್ನು ಕಾಲೇಜು ಹುಡುಗರಿಗೂ ತಲುಪಿಸಿತು. ಆದರೂ ಅದು ವ್ಯಾಸರಾಯರದೆಂದು ಥಟ್ಟನೆ ಹೇಳುವವರು ಕಡಿಮೆ. ಕಾರಣ ಅಂಕಿತದಲ್ಲೇ ಇದೆ. ಅವರ ಅಂಕಿತ ಶ್ರೀಕೃಷ್ಣ. ಹಾಡಿನ ತುಂಬ ಕೃಷ್ಣನೇ ಇರುವಾಗ ಕೊನೆಯಲ್ಲಿ ಬರುವ ಕೃಷ್ಣ ಕವಿಯ ಗುರುತೂ ಹೌದೆಂದು ಕೇಳುವವನಿಗೆ ಹೊಳೆಯುವುದಿಲ್ಲ.

ಅಂಕಿತವನ್ನು ದಾಸರು ತಾವೇ ಇಟ್ಟುಕೊಳ್ಳುವಂತಿರಲಿಲ್ಲ. ಗುರು ಕೊಡಬೇಕು. ಪುರಂದರದಾಸರಿಗೆ ವ್ಯಾಸರಾಯರು ಕೊಟ್ಟರು. ವಿಜಯದಾಸರು (1682–1755) ಹುಟ್ಟುವ ಹೊತ್ತಿಗೆ ಪುರಂದರದಾಸರು ಕಾಲವಾಗಿ ನೂರು ವರ್ಷ ದಾಟಿತ್ತು. ಆದರೂ ಕಾಶಿಯಲ್ಲಿದ್ದಾಗ ಕನಸಿನಲ್ಲಿ ಬಂದು ಪುರಂದರದಾಸರೇ ಅಂಕಿತ ಕೊಟ್ಟರೆಂಬುದು ಪರಂಪರೆಯ ನಂಬಿಕೆ. ಇಂಥ ಕತೆಗಳಲ್ಲೆಲ್ಲ ಮನಸ್ಸನ್ನು ಹಿಡಿದು ನಿಲ್ಲಿಸುವುದು ರಾಯಚೂರು ಜಿಲ್ಲೆಯ ಮಾನವಿಯ ಜಗನ್ನಾಥದಾಸರ ಕತೆ.

ಮಾನವಿಯ ಹತ್ತಿರದ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು, ಪಾಠ ಹೇಳುವವರು, ಶಿಷ್ಯರಿದ್ದವರು. ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸರೆಂದರೆ ಅವರಿಗೆ ಅಸಡ್ಡೆ. ಅದೇ ಸೀಮೆಯ ಚೀಕಲಪರವಿಯ ವಿಜಯದಾಸರು ಒಮ್ಮೆ ಅವರನ್ನು ಊಟಕ್ಕೆ ಕರೆದರು. ಹಾಡಿಕೊಂಡು ಬದುಕುವವರ ಪಂಕ್ತಿಯಲ್ಲಿ ಕೂರಲು ಆಚಾರ್ಯರಿಗೆ ಮನಸ್ಸಿಲ್ಲ. ಹೊಟ್ಟೆನೋವೆಂದು ಹೇಳಿಕಳಿಸಿದರು. ಹಾಗೇ ಆಗಲಿ ಎಂದರಂತೆ ವಿಜಯದಾಸರು. ಅಂದಿನಿಂದ ಹೊಟ್ಟೆನೋವು ನಿಜವಾಗಿಯೇ ಹಿಡಿಯಿತು. ಔಷಧ, ಸೇವೆ, ಹರಕೆ ಯಾವುದಕ್ಕೂ ಬಗ್ಗಲಿಲ್ಲ. ಮಂತ್ರಾಲಯದಲ್ಲಿ ಸೇವೆಗೆ ಕೂತರೆ, ನೀನು ತಪ್ಪು ಮಾಡಿದ್ದು ಯಾರಿಗೋ ಅವರ ಹತ್ತಿರವೇ ಹೋಗು ಎಂದು ರಾಯರು ಸ್ವಪ್ನದಲ್ಲಿ ಸೂಚಿಸಿದರು.

ವಿಜಯದಾಸರು ಅವರನ್ನು ಉತ್ತನೂರಿನಲ್ಲಿದ್ದ ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ಮಂತ್ರಿಸಿದ ಜೋಳದ ಭಕ್ಕರಿ ತಿನ್ನಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದರೆಂದು ಕತೆ. ‘ಎನ್ನ ಬಿನ್ನಪ ಕೇಳು ಧನ್ವಂತ್ರಿ’ ಎಂಬ ಗೋಪಾಲವಿಠಲ ಅಂಕಿತದ ಪದ ಆ ಸಂದರ್ಭದ್ದೆಂದು ಹೇಳುತ್ತಾರೆ. ಕಾಯಿಲೆ ಬಿದ್ದವರ ಮನೆಯಲ್ಲಿ ಇವತ್ತಿಗೂ ಅದನ್ನು ಹಾಡುವುದುಂಟು. ಗುಣವಾದ ಮೇಲೆ ಆಚಾರ್ಯರು ಪಂಢರಪುರಕ್ಕೆ ಹೋದರು. ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಕೈಗೆ ಒಂದು ಕಲ್ಲು ಸಿಕ್ಕಿತು. ಅದರ ಮೇಲೆ ‘ಜಗನ್ನಾಥವಿಠಲ’ ಎಂದು ಬರೆದಿತ್ತು.

ಭಕ್ತರು ಇದನ್ನು ನಡೆದ ಸಂಗತಿಯಾಗಿ ಕೇಳುತ್ತಾರೆ. ನಂಬದವರಿಗೂ ಇದರಲ್ಲಿ ಹಿಡಿಯಬೇಕಾದ ಮಾತೊಂದಿದೆ. ಇಷ್ಟು ನೋವು, ಇಷ್ಟು ದಾರಿ ಕ್ರಮಿಸಿದ ಮೇಲೆ ಸಿಕ್ಕ ಎರಡು ಪದ ಅದು. ಅಂಕಿತಕ್ಕೆ ಆ ಕಾಲದವರು ಎಷ್ಟು ಬೆಲೆ ಕೊಟ್ಟಿದ್ದರೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕತೆ ಕನ್ನಡದಲ್ಲಿ ಇನ್ನೊಂದಿಲ್ಲ. ಕನ್ನಡದಲ್ಲಿ ಹಾಡುವವರ ಜೊತೆ ಊಟಕ್ಕೆ ಕೂರಲು ಒಲ್ಲೆನೆಂದವರೇ ಮುಂದೆ ಭಾಮಿನೀ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಮಾಧ್ವ ತತ್ತ್ವವನ್ನೆಲ್ಲ ಕನ್ನಡಕ್ಕೆ ತಂದ ಕೃತಿ ಅದು. ಸಂಧಿ ಮುಗಿಯುವ ಕಡೆಯಲ್ಲೆಲ್ಲ ಜಗನ್ನಾಥವಿಠಲ ಬರುತ್ತಾನೆ. 1809ರಲ್ಲಿ ಅವರು ಕಾಲವಾದಾಗ ವಯಸ್ಸು ಎಂಬತ್ತು ದಾಟಿತ್ತು. ಗೋಪಾಲದಾಸರು ಅದಕ್ಕೆ ಎಷ್ಟೋ ಮೊದಲೇ ಹೊರಟುಹೋಗಿದ್ದರು.

ದಾಸರಿಗಿಂತ ಮೂರು ನಾಲ್ಕು ಶತಮಾನ ಹಿಂದೆಯೇ ಶರಣರು ಈ ಪದ್ಧತಿಯನ್ನು ಬಳಸಿದ್ದರು. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನ ರಾಮನಾಥ ಶಾಲೆಯ ಮಕ್ಕಳಿಗೂ ಗೊತ್ತು. ಅಂಬಿಗರ ಚೌಡಯ್ಯ ಮಾತ್ರ ದೇವರ ಹೆಸರಿಡದೆ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನ ಆ ಎದೆಗಾರಿಕೆ ಅವನ ವಚನಗಳ ಧಾಟಿಗೆ ತಕ್ಕದ್ದೇ. 15ನೇ ಶತಮಾನದಲ್ಲಿ ‘ಶೂನ್ಯಸಂಪಾದನೆ’ಯನ್ನು ಜೋಡಿಸಿದವರು ವಚನಗಳನ್ನು ಸಂವಾದವಾಗಿ ಹೆಣೆಯಲು ಸಾಧ್ಯವಾದದ್ದು ಅಂಕಿತಗಳಿಂದಲೇ. ಗುಹೇಶ್ವರ ಬಂದರೆ ಅಲ್ಲಮ ಮಾತಾಡಿದ, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕ ಉತ್ತರ ಕೊಟ್ಟಳು.

ಹೆಂಗಸರ ಅಂಕಿತಗಳನ್ನು ನೋಡುವುದೇ ಬೇರೆ ಅನುಭವ. ಆಯ್ದಕ್ಕಿ ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಹೆಂಡತಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಸುರಿದು ಬಾ ಎಂದು ತಿರುಗಿ ಕಳಿಸಿದವಳು ಈ ಲಕ್ಕಮ್ಮ. ಅವನನ್ನು ತಿದ್ದಿದವಳೇ ಅವನ ಹೆಸರನ್ನು ದೇವರ ಹೆಸರಿನ ಜೊತೆಗಿಟ್ಟು ಸಹಿ ಹಾಕುತ್ತಾಳೆ. ಗಂಗಾಂಬಿಕೆ ತನ್ನ ಹೆಸರನ್ನೇ ಸೇರಿಸಿಕೊಂಡು ‘ಗಂಗಾಪ್ರಿಯ ಕೂಡಲಸಂಗಮದೇವ’ ಎಂದಳು. ಆರು ಶತಮಾನ ಕಳೆದ ಮೇಲೆ ಬಂದ ಹೆಳವನಕಟ್ಟೆ ಗಿರಿಯಮ್ಮ ಗಂಡನ ಹೆಸರನ್ನೂ ತನ್ನ ಹೆಸರನ್ನೂ ಬಿಟ್ಟು ತಾನು ನಂಬಿದ ಹೆಳವನಕಟ್ಟೆಯ ರಂಗನನ್ನು ಹಿಡಿದಳು. 19ನೇ ಶತಮಾನದ ಹರಪನಹಳ್ಳಿ ಭೀಮವ್ವನ ‘ಭೀಮೇಶಕೃಷ್ಣ’ನಲ್ಲಿ ಅವಳ ಹೆಸರೂ ಇದೆ, ದೇವರ ಹೆಸರೂ ಇದೆ.

ಈ ಒಂದೆರಡು ಪದಗಳನ್ನು ಮುಟ್ಟಿದರೆ ಏನಾಗುತ್ತದೆಂಬುದನ್ನು ಕರ್ನಾಟಕ ಕಂಡಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ಕೂಡಲಸಂಗಮದೇವದಿಂದ ಲಿಂಗದೇವಕ್ಕೆ ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಪುಸ್ತಕ ಮುಟ್ಟುಗೋಲು ಹಾಕುವುದು ಸರಿಯೇ ಎಂಬುದು ಬೇರೆ ಚರ್ಚೆ. ಎಂಟುನೂರು ವರ್ಷ ಹಿಂದಿನ ಅಂಕಿತವೊಂದಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯ ಕೂತು ವಾದ ಕೇಳಿತೆಂಬುದು ಮರೆಯುವ ಮಾತಲ್ಲ.

ಕರ್ನಾಟಕ ಸಂಗೀತ ಈ ಪದ್ಧತಿಯನ್ನು ಕೈಬಿಡಲಿಲ್ಲ. ದೀಕ್ಷಿತರದು ಗುರುಗುಹ, ತ್ಯಾಗರಾಜರು ತಮ್ಮ ಹೆಸರನ್ನೇ ಇಟ್ಟರು. ಮೈಸೂರಿನ ವಾಸುದೇವಾಚಾರ್ಯರದು ವಾಸುದೇವ. 94 ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅರಸುತನದ ಸುಳಿವನ್ನೂ ಕೊಡದೆ ‘ಶ್ರೀವಿದ್ಯಾ’ ಎಂದು ಮುದ್ರೆಯೊತ್ತಿದರು. ಧಾರವಾಡದ ಬೇಂದ್ರೆಯವರು ಅಂಬಿಕಾತನಯದತ್ತರಾದದ್ದರಲ್ಲೂ ಈ ಹಳೆಯ ಪದ್ಧತಿಯ ನೆರಳಿದೆ, ಗುರುತು ಕವಿತೆಯ ಒಳಗಿನಿಂದ ಪುಸ್ತಕದ ರಕ್ಷಾಪುಟಕ್ಕೆ ಸರಿದಿದೆ ಅಷ್ಟೆ.

ಹಾಡುಗಳು ಉಳಿದ ದಾರಿ ಸುಲಭದ್ದಾಗಿರಲಿಲ್ಲ. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದ ಹಾಡಿದರೆಂದು ಪ್ರತೀತಿ. ನಮಗೆ ಉಳಿದಿರುವುದು ಸಾವಿರದ ಲೆಕ್ಕದಲ್ಲಿ. 19ನೇ ಶತಮಾನದ ನಡುವೆ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚಿಗೆ ತಂದ. ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ವಚನಗಳ ತಾಡೆಯೋಲೆಗಳಿಗಾಗಿ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುದ್ರಣಾಲಯ ಹಾಕಲು ಮನೆಯನ್ನೇ ಮಾರಿದರು. ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ರಾಯಚೂರು ಸೀಮೆಯ ದಾಸರ ಪದಗಳಿಗಾಗಿ ಅಂಥದೇ ದುಡಿಮೆ ಮಾಡಿದರು. ಇವರ ಕೈಗೆ ಬಂದ ಹಾಡುಗಳ ಹಿಂದೆ ಮನೆಯ ಹೆಂಗಸರೂ ಇದ್ದಾರೆ. ಹಸೆಗೆ, ಆರತಿಗೆ, ತೊಟ್ಟಿಲಿಗೆ ಹಾಡುತ್ತ ಬಂದವರು ಪದವನ್ನು ಅಂಕಿತದ ಸಮೇತ ಬಾಯಿಪಾಠ ಮಾಡಿಟ್ಟರು. ಅಕ್ಷರ ಕಲಿತ ಮೇಲೆ ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಇಂದು ಪದಗಳಿಗೆ ಕೇಳುಗರ ಕೊರತೆಯಿಲ್ಲ. ಕೊರತೆ ಬಿದ್ದಿರುವುದು ಕೊನೆಯ ನುಡಿಗೆ. ಸ್ಪರ್ಧೆಯ ವೇದಿಕೆಯಲ್ಲಿ ಮೂರು ನಿಮಿಷ, ಮೊಬೈಲಿನ ವಿಡಿಯೋದಲ್ಲಿ ಅರ್ಧ ನಿಮಿಷ. ಪಲ್ಲವಿ ಹಾಡಿ, ಇಷ್ಟವಾದ ಒಂದು ನುಡಿ ಎತ್ತಿಕೊಂಡು, ಮತ್ತೆ ಪಲ್ಲವಿಗೆ ಬಂದು ಮುಗಿಸುತ್ತಾರೆ. ಅಂಕಿತ ಬರುವ ಹೊತ್ತಿಗೆ ಚಪ್ಪಾಳೆ ಬಿದ್ದಾಗಿರುತ್ತದೆ. ಹಾಗೆ ಕತ್ತರಿಸಿದ ಪದಕ್ಕೆ ಯಾರದೋ ಹೆಸರು ಅಂಟಿಕೊಳ್ಳುವುದು ಸುಲಭ, ಹೆಚ್ಚಿನ ಸಲ ಅದು ಪುರಂದರದಾಸರ ಹೆಸರೇ ಆಗಿರುತ್ತದೆ. ಅವರ ಕೀರ್ತಿಗೆ ಇದರಿಂದ ಏನೂ ಕೂಡುವುದಿಲ್ಲ. ಕಳೆದುಕೊಳ್ಳುವವರು ಆನಂದದಾಸರು, ಗಿರಿಯಮ್ಮ, ಭೀಮವ್ವನಂಥವರು. ಹಾಡಲು ಸಮಯ ಸಾಲದಿದ್ದರೆ ನಡುವಿನ ನುಡಿಯನ್ನು ಬಿಡಬಹುದು. ಕೊನೆಯದನ್ನು ಬಿಡಬಾರದೆಂದು ಮಕ್ಕಳಿಗೆ ಕಲಿಸುವವರು ಮೊದಲ ಪಾಠದಲ್ಲೇ ಹೇಳಿದರೆ ಒಳ್ಳೆಯದು.

ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ ಅಜ್ಞಾತ ವಚನಕಾರರ ವಚನಗಳೂ ಇವೆ. ಅವರ ಊರು ಗೊತ್ತಿಲ್ಲ, ಕಾಯಕ ಗೊತ್ತಿಲ್ಲ, ಗಂಡೋ ಹೆಣ್ಣೋ ಎಂಬುದೂ ಗೊತ್ತಿಲ್ಲ. ಸಂಪಾದಕರು ಆ ವಚನಗಳನ್ನು ಒಬ್ಬೊಬ್ಬರದೆಂದು ವಿಂಗಡಿಸಲು ಆಧಾರವಾದದ್ದು ಅವುಗಳ ಅಂಕಿತವೊಂದೇ.